ಕಪಿತಾನಾಳ ಕೊರಳಗಂಟೆ

ಆಗಸ್ಟ್ ಹದಿನಾಲ್ಕು, ಗುರುವಾರ. ಬೆಳಗ್ಗೆ ಆರೂವರೆಗೆ ವಾಯ್ರಾಪಂಪ ಪೊಲೀಸ್ ಠಾಣೆಗೆ ದೂರು ಬಂತು. ಕೊಟ್ಟವಳು ಪೌಲಿನಾ ತಕುರಿ, ವಯಸ್ಸು ನಲವತ್ತೊಂದು, ವೃತ್ತಿ ಹೇಸರಗತ್ತೆ ಬಾಡಿಗೆ. ಒಬ್ಬಳೇ ಬಂದಿರಲಿಲ್ಲ, ಕಪಿತಾನಾ ಎಂಬ ತನ್ನ ಬಿಳಿಯ ಹೆಣ್ಣುಕುದುರೆಯನ್ನೂ ಹಗ್ಗ ಹಿಡಿದು ಕರೆತಂದಿದ್ದಳು. ಕುದುರೆ ಮುಂಗಾಲೆರಡನ್ನೂ ಠಾಣೆಯ ಮೆಟ್ಟಿಲ ಮೇಲಿಟ್ಟು ಒಳಗೆ ಇಣುಕಿತು.

“ಕಳ್ಳತನ ಆಗಿದೆ ಮೇಡಂ. ಇವಳ ಗಂಟೆ ಹೋಗಿದೆ.”

ಕಾನ್‌ಸ್ಟೇಬಲ್ ಎವರಿಸ್ತೊ ಒಲೆಯ ಮೇಲೆ ಕೋಕಾ ಎಲೆಯ ಚಹಾ ಕುದಿಸುತ್ತಿದ್ದ. “ಸಾಕ್ಷಿನೂ ಕರ್ಕೊಂಡು ಬಂದಿದೀಯಲ್ಲ. ಹೇಳಿಕೆಗೆ ಸಹಿ ಹಾಕ್ತಾಳಾ?”

“ನಿನಗಿಂತ ದುಂಡಗೆ ಹಾಕ್ತಾಳೆ, ಕಾಗದ ಕೊಡು.”

ಸಬ್ ಇನ್‌ಸ್ಪೆಕ್ಟರ್ ನಿಲ್ದಾ ಕಾಯೊ ನಗಲಿಲ್ಲ. ಅವಳು ಕಡಲತೀರದ ಊರಿನವಳು, ಕೋಲ್ಕಾ ಕಣಿವೆಯ ಅಂಚಿನ ಈ ಠಾಣೆಗೆ ಬಂದು ಆರು ವರ್ಷವಾಗಿತ್ತು. ಇಲ್ಲಿ ಗಂಟೆ ಹೋಗುವುದೆಂದರೆ ಏನೆಂದು ಅಷ್ಟರಲ್ಲಿ ಕಲಿತಿದ್ದಳು. ಪೌಲಿನಾಳ ಎಂಟು ಹೇಸರಗತ್ತೆಗಳು ಮರಿಯಿಂದಲೂ ಆ ಗಂಟೆಯ ಹಿಂದೆ ನಡೆದವು. ಸದ್ದು ಇಳಿದರೆ ಇಳಿಯುತ್ತವೆ, ಸದ್ದು ನಿಂತರೆ ನಿಲ್ಲುತ್ತವೆ. ಸದ್ದೇ ಇಲ್ಲದಿದ್ದರೆ ಒಂದೊಂದೂ ತನಗೆ ತೋಚಿದ ಕಡೆ ಹೋಗುತ್ತದೆ. ಆ ಬೆಳಗ್ಗೆ ಹಾಗೆಯೇ ಆಗಿತ್ತು. ನಾಲ್ಕು ಕತ್ತೆಗಳು ಪಾದ್ರಿಗಳ ಕುದುರೆಮೇವಿನ ಹೊಲದಲ್ಲಿದ್ದವು, ಎರಡು ಸ್ಮಶಾನದ ಕಡೆ ಹೋಗಿದ್ದವು, ಉಳಿದೆರಡು ದೊಡ್ಡಿಯಿಂದ ಹೊರಗೇ ಬಂದಿರಲಿಲ್ಲ.

ನಿಲ್ದಾ ಹೊರಗೆ ಬಂದು ಕುದುರೆಯ ಕತ್ತು ನೋಡಿದಳು. ಚರ್ಮದ ಪಟ್ಟಿ ಮತ್ತು ಗಂಟೆ ಇರಬೇಕಾದಲ್ಲಿ ಎರಡು ಬೆರಳಗಲದ ನೇಯ್ದ ಉಣ್ಣೆಯ ಪಟ್ಟಿಯೊಂದಿತ್ತು. ಹಸಿರು ಮತ್ತು ಕಡುಗೆಂಪು. ಗಂಟು ಬಿಗಿಯಾಗಿರಲಿಲ್ಲ, ಕುದುರೆ ತಲೆ ತಗ್ಗಿಸಿ ಮೇಯಲು ಎಷ್ಟು ಸಡಿಲ ಬೇಕೋ ಅಷ್ಟು ಬಿಟ್ಟಿದ್ದರು.

“ಇದು ನಿಂದಾ?”

“ಅಲ್ಲ. ಕಳ್ಳ ಗಂಟೆ ಬಿಚ್ಕೊಂಡು ಇದನ್ನ ಕಟ್ಟಿ ಹೋಗಿದಾನೆ.”

ಎವರಿಸ್ತೊ ಚಹಾ ಬಿಟ್ಟು ಬಂದ. ಪಟ್ಟಿಯನ್ನು ಒಂದು ಸಲ ನೋಡಿ, ಆಮೇಲೆ ಆಕಾಶ ನೋಡಿದ. ಆಗಸ್ಟ್ ತಿಂಗಳು. ಇಲ್ಲಿನವರ ನಂಬಿಕೆಯಲ್ಲಿ ಭೂಮಿ ಬಾಯ್ತೆರೆದು ಹಸಿದಿರುವ ತಿಂಗಳು. ಮನೆಯ ಪ್ರಾಣಿಗಳ ಕತ್ತನ್ನು ಬೋಳು ಬಿಡುವ ಕಾಲವಲ್ಲ. ಕಳ್ಳನಿಗೂ ಅದು ಗೊತ್ತಿತ್ತು.

ಏಳಕ್ಕೆ ಎಫ್‌ಐಆರ್ ದಾಖಲಾಯಿತು. ಏಳೂವರೆಗೆ ದೊಡ್ಡಿಯಲ್ಲಿ ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆ ಬರೆದರು. ಬಾಗಿಲಿನ ಅಗುಳಿ ಮುರಿದಿರಲಿಲ್ಲ. ತೆಗೆದವರು ಮತ್ತೆ ಹಾಕಿ ಹೋಗಿದ್ದರು. ನೆಲದಲ್ಲಿ ಹುರಿದ ಮೆಕ್ಕೆಜೋಳದ ನಾಲ್ಕು ಕಾಳು ಸಿಕ್ಕವು. ಕುದುರೆಯನ್ನು ಸುಮ್ಮನಿರಿಸಲು ತಿನ್ನಿಸಿದ್ದಿರಬೇಕು. ಉಣ್ಣೆಯ ಪಟ್ಟಿಯನ್ನು ಜಪ್ತಿ ಮಾಡಬೇಕೆಂದಾಗ ಪೌಲಿನಾ ಒಪ್ಪಲಿಲ್ಲ; ಬೇರೊಂದು ಕಟ್ಟುವವರೆಗೆ ಬಿಚ್ಚಬಾರದೆಂದಳು. ಕೊನೆಗೆ ತನ್ನ ಟೋಪಿಯ ರಿಬ್ಬನ್ ಬಿಚ್ಚಿ ಕುದುರೆಗೆ ಕಟ್ಟಿದ ಮೇಲೆಯೇ ಪಟ್ಟಿ ಕಾಗದದ ಲಕೋಟೆಗೆ ಹೋಯಿತು.

ಮೊದಲ ಅನುಮಾನ ಪ್ರವಾಸಿಗರ ಮೇಲೆ. ನೆನಪಿಗೆಂದು ಚಮಚ, ಬಾಗಿಲ ಚಿಲಕ, ಕೊನೆಗೆ ಸಂತನ ಮೂರ್ತಿಯ ಬೆರಳನ್ನೂ ಒಯ್ದವರಿದ್ದರು. ಎಂಟಕ್ಕೆ ಹೊರಟ ಬಸ್ಸನ್ನು ಕಣಿವೆಯ ಟಿಕೆಟ್ ಗೇಟಿನಲ್ಲಿ ನಿಲ್ಲಿಸಿ ಚೀಲಗಳನ್ನು ನೋಡಿಸಿದರು. ಗಂಟೆ ಇರಲಿಲ್ಲ. ಊರಿನಲ್ಲಿ ಹೇಸರಗತ್ತೆ ಇಟ್ಟ ಇನ್ನೊಬ್ಬ ವಾರದಿಂದ ನಗರದ ಆಸ್ಪತ್ರೆಯಲ್ಲಿದ್ದ.

ನಿಲ್ದಾಳಿಗೆ ಗಂಟೆಗಿಂತ ಹೆಚ್ಚಿನ ಚಿಂತೆ ಇನ್ನೊಂದಿತ್ತು. “ಇವತ್ತು ಒಂದೇ ದಿನಕ್ಕೆ ಇಳಿದು ಹತ್ತೋರು ಯಾರಾದ್ರೂ ಹೋಗಿದಾರಾ?”

ಎವರಿಸ್ತೊ ವಿಚಾರಿಸಿಕೊಂಡು ಬಂದ. ಇಬ್ಬರು. ಆರೆಕಿಪಾ ನಗರದ ಹಲ್ಲಿನ ಡಾಕ್ಟರ್ ಅಬೆಲಾರ್ದೊ. ಮತ್ತೆ ಊರಿನ ದೊಮಿತಿಲಾ ಅವ್ವನ ತಂಗಿ ಎಲ್ವಿರಾ, ರಾಜಧಾನಿ ಲೀಮಾದಲ್ಲಿರುವವಳು. ಇಬ್ಬರೂ ಕತ್ತಲಲ್ಲೇ ಇಳಿದಿದ್ದರು.

ಕಣಿವೆಗೆ ಇಳಿಯುವುದು ಯಾರಿಗೂ ಕಷ್ಟವಲ್ಲ. ಸಾವಿರ ಮೀಟರ್ ಕೆಳಗೆ ನದಿ, ಅಂಜೂರದ ತೋಟ, ಒಂದು ವಸತಿಗೃಹ, ಈಜುವ ಕೊಳ. ಕಾಲುಗಳು ತಾವಾಗಿ ಹೋಗುತ್ತವೆ. ಊಟ ಮಾಡಿ ತಲೆಯೆತ್ತಿ ನೋಡಿದಾಗ ಬಂದ ದಾರಿ ಗೋಡೆಯಂತೆ ನಿಂತಿರುತ್ತದೆ. ಎಲ್ಲಿಯೂ ಮರವಿಲ್ಲ, ಹನಿ ನೀರಿಲ್ಲ, ಕಳ್ಳಿ ಮತ್ತು ಕಲ್ಲು. ರಾತ್ರಿ ಅಲ್ಲೇ ಉಳಿದು ಮರುದಿನ ಹತ್ತಿ ಎಂದು ಎಲ್ಲರೂ ಹೇಳುತ್ತಾರೆ. ಕೇಳದವರು ಇದ್ದೇ ಇರುತ್ತಾರೆ. ಅವರು ಬೆಳಗ್ಗೆ ಪೌಲಿನಾಳ ಕತ್ತೆಗಳನ್ನು ನೋಡಿ, ನಮಗೆ ಅದರ ಅಗತ್ಯವಿಲ್ಲವೆಂದು ನಕ್ಕು ಹೋಗುತ್ತಾರೆ. ಮಧ್ಯಾಹ್ನ ಏರುದಾರಿಯ ನಡುವೆ ಒಂದು ಚಪ್ಪಟೆ ಬಂಡೆಯ ಹತ್ತಿರ ಗಂಟೆಯ ಸದ್ದು ಕೇಳಿಸುತ್ತದೆ. ಅಲ್ಲಿ ಅವರ ಮನಸ್ಸು ಸಡಿಲವಾಗುತ್ತದೆ. ಕೈಯೆತ್ತಿ ಕತ್ತೆ ಕೇಳುತ್ತಾರೆ. ಊರಿನವರು ಆ ಬಂಡೆಯನ್ನು ಸೋಲುಗಲ್ಲು ಎನ್ನುತ್ತಾರೆ. ಪ್ರವಾಸಿಗರ ಎದುರು ಹಾಗೆನ್ನುವುದಿಲ್ಲ.

ಇಂದು ಸೋಲುಗಲ್ಲಿನಲ್ಲಿ ಕತ್ತೆಗಳಿರುವುದಿಲ್ಲ. ನಿಲ್ದಾ ಕೆಳಗಿನ ವಸತಿಗೃಹಕ್ಕೆ ವೈರ್‌ಲೆಸ್‌ನಲ್ಲಿ ಕರೆ ಮಾಡಿದಳು. ಮೂರು ಸಲ ಪ್ರಯತ್ನಿಸಿದ ಮೇಲೆ ಅಡುಗೆಯವಳು ಸಿಕ್ಕಳು. ಆ ಹೆಂಗಸು ಬೇಗ ಬಂದು ಬೇಗ ಹೊರಟುಹೋದಳು, ಆ ದಪ್ಪಗಿನವರು ಕೊಳದಲ್ಲಿ ಬಿದ್ದುಕೊಂಡಿದ್ದು ಈಗ ತಾನೇ ಹತ್ತಲು ಶುರು ಮಾಡಿದರು, ಕೂಗಿದರೂ ಕೇಳಿಸಲಿಲ್ಲ ಎಂದಳು.

ಒಂದೂವರೆಗೆ ಅದೇ ವೈರ್‌ಲೆಸ್‌ನಿಂದ ಇನ್ನೊಂದು ಸುದ್ದಿ. ಕೆಳಗಿಳಿದು ಬಂದ ಒಬ್ಬ ನಡಿಗೆಯವನು ಸೋಲುಗಲ್ಲಿನ ಬಳಿ ಗಂಡಸೊಬ್ಬ ಬಿದ್ದಿರುವುದನ್ನು ನೋಡಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ.

ನಿಲ್ದಾ, ಎವರಿಸ್ತೊ, ಆರೋಗ್ಯ ಕೇಂದ್ರದ ನರ್ಸ್ ಹೊರಟರು. ಮುಂದೆ ಪೌಲಿನಾ. ಕಪಿತಾನಾಳ ಹಗ್ಗ ಹಿಡಿದು, ತಗಡಿನ ಲೋಟಕ್ಕೆ ಚಮಚ ಬಡಿಯುತ್ತ ನಡೆದಳು. ಹಿಂದಿನ ಎರಡು ಕತ್ತೆಗಳು ಆ ಸದ್ದನ್ನು ನಂಬದೆ ಆಗಾಗ ನಿಂತು ಕಿವಿ ಮಡಚುತ್ತಿದ್ದವು.

“ನಡೀರೋ ನನ್ನಪ್ಪಗಳಿರಾ,” ಎಂದಳು ಪೌಲಿನಾ. “ಒಂದು ದಿನಕ್ಕೆ ನನ್ನನ್ನೇ ಗಂಟೆ ಅನ್ಕೊಳ್ಳಿ.”

“ನಿನ್ನ ಬಾಯಿ ಇರೋವಾಗ ಬೇರೆ ಗಂಟೆ ಬೇಕೇನೇ,” ಎಂದ ಎವರಿಸ್ತೊ. ಅವಳು ಚಮಚವನ್ನು ಅವನ ಕಡೆ ಎತ್ತಿದಳು.

ಡಾಕ್ಟರ್ ಅಬೆಲಾರ್ದೊ ಬಂಡೆಯ ಒಂದು ಮೊಳ ನೆರಳಿನಲ್ಲಿ ಮಲಗಿದ್ದ. ಮುಖ ಕೆಂಪಾಗಿ ಒಣಗಿತ್ತು, ಮಾತು ತೊದಲುತ್ತಿತ್ತು. ಅವನ ಹಣೆಗೆ ಯಾರೋ ತಮ್ಮ ಸೊಂಟದ ಪಟ್ಟಿಯನ್ನು ನೆನೆಸಿ ಸುತ್ತಿದ್ದರು. ಪಕ್ಕದಲ್ಲಿ ಸಣ್ಣ ಮೈಕಟ್ಟಿನ ಹೆಂಗಸು ತನ್ನ ಸ್ಕರ್ಟನ್ನು ಎರಡೂ ಕೈಗಳಲ್ಲಿ ಹರಡಿ ಅವನ ಕಾಲಿಗೆ ನೆರಳು ಹಿಡಿದು ಕೂತಿದ್ದಳು. ಅವಳೇ ಎಲ್ವಿರಾ, ಐವತ್ತೇಳು ವರ್ಷ. ಅವಳ ಎರಡು ಬಾಟಲಿಗಳೂ ಖಾಲಿ. ಅವಳು ಬಂಡೆ ದಾಟಿ ಇನ್ನೂ ಕಾಲುಭಾಗ ದಾರಿ ಹತ್ತಿಬಿಟ್ಟಿದ್ದಳೆಂದು, ಕೆಳಗೆ ಇವನು ಕುಸಿದದ್ದನ್ನು ಕಂಡು ಹಿಂದಿರುಗಿ ಬಂದಳೆಂದು ಆಮೇಲೆ ತಿಳಿಯಿತು.

ಡಾಕ್ಟರನ್ನು ಕತ್ತೆಯ ಮೇಲೆ ಕೂರಿಸಿ ಕಟ್ಟಿದರು. ನಿಲ್ದಾ ಎರಡನೆಯ ಕತ್ತೆಯನ್ನು ಎಲ್ವಿರಾಳ ಮುಂದೆ ತಂದಳು.

“ನಾನು ನಡೀತೀನಿ ಮೇಡಂ.”

“ನೀರಿಲ್ಲ, ನೆರಳಿಲ್ಲ. ಒಂದೂವರೆ ತಾಸು ಬಿಸಿಲಲ್ಲಿ ಕೂತಿದೀರಿ. ಹತ್ತಿ.”

“ನನ್ನ ಕಾಲು ಚೆನ್ನಾಗೇ ಇದೆ.”

“ನಿಮ್ಮನ್ನ ಇಲ್ಲಿ ಬಿಟ್ಟು ಹೋದ್ರೆ ನನ್ನ ಕೆಲಸ ಚೆನ್ನಾಗಿರಲ್ಲ. ಹತ್ತಿ ಅಮ್ಮಾ.”

ಎಲ್ವಿರಾ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಅಲ್ಲ ಎಂಬಂತೆ, “ಮೂರನೇ ಸಲ,” ಎಂದಳು. ಮೇಲೆ ಬರುವವರೆಗೂ ಬೇರೆ ಮಾತಾಡಲಿಲ್ಲ. ಅವಳ ಬೆನ್ನನ್ನು ನೋಡುತ್ತ ಹತ್ತಿದ ನಿಲ್ದಾಳಿಗೆ, ತಾನು ಸರಿಯಾದದ್ದನ್ನೇ ಮಾಡಿ ಏನನ್ನೋ ಕಿತ್ತುಕೊಂಡೆ ಅನಿಸಿತು. ಏನನ್ನೆಂದು ಗೊತ್ತಾಗಲಿಲ್ಲ.

ಇನ್ನು ಸ್ವಲ್ಪ ತಡವಾಗಿದ್ದರೆ ಡಾಕ್ಟರ್ ಉಳಿಯುತ್ತಿರಲಿಲ್ಲವೆಂದು ನರ್ಸ್ ಬರೆದುಕೊಟ್ಟಳು. ನಿಲ್ದಾ ಎಫ್‌ಐಆರ್‌ಗೆ ಇನ್ನೊಂದು ಕಲಮು ಸೇರಿಸಿದಳು: ಜೀವಕ್ಕೆ ಅಪಾಯ ತಂದದ್ದು. ಬೆಳಗ್ಗೆ ಯಾರಿಗೋ ನೆನಪಿನ ವಸ್ತುವಾಗಿದ್ದ ಗಂಟೆ ಸಂಜೆಗೆ ಬೇರೆಯೇ ಆಗಿತ್ತು.

ಶುಕ್ರವಾರ. ಕಸೂತಿ ಕೆಲಸದ ಛಾವಣಿಯಡಿ ಊರಿನ ಹೆಂಗಸರು ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದರು. ನಿಲ್ದಾ ಪಟ್ಟಿಯನ್ನು ಒಬ್ಬೊಬ್ಬರಿಗೂ ತೋರಿಸಿದಳು. ಮಾಮೂಲಿಯಾಗಿ ಒಂದು ಬಟ್ಟೆಯ ತುಂಡು ಕೈಗೆ ಬಂದರೆ ಈ ಹೆಂಗಸರು ಅದನ್ನು ತಿರುವಿ, ಎಳೆದು, ಮೂಸಿ, ನೇಯ್ದವಳ ಅತ್ತೆಯವರೆಗೂ ದೂರು ಹೇಳುತ್ತಿದ್ದರು. ಇಂದು ಎಲ್ಲರೂ ಒಂದೇ ಕ್ಷಣ ನೋಡಿ, ಗೊತ್ತಿಲ್ಲವೆಂದು ಯಂತ್ರ ತುಳಿಯತೊಡಗಿದರು. ಯಾರೂ ಮುಟ್ಟಲಿಲ್ಲ.

ಹೊರಗೆ ಬಂದು ನಿಲ್ದಾ ಕೇಳಿದಳು. “ಎಲ್ರಿಗೂ ಗೊತ್ತಿದೆ. ನಿನಗೂ ಗೊತ್ತಾ ಎವರಿಸ್ತೊ?”

“ನನ್ನ ಹೆಂಡತಿ ಇದೇ ಊರಲ್ಲಿ ಬಾಳ್ಬೇಕು ಮೇಡಂ.”

“ನಾನು ನಿನ್ನ ಮೇಲಧಿಕಾರಿ.”

“ನೀವು ವರ್ಗ ಆಗಿ ಹೋಗ್ತೀರಿ. ಅವಳು ಎಲ್ಲಿಗೂ ಹೋಗಲ್ಲ.”

ಆ ಮಾತು ನಿಲ್ದಾಳಿಗೆ ತಾಗಿತು. ಆರು ವರ್ಷ ಇದ್ದರೂ ಅವಳು ಇಲ್ಲಿ ‘ಕಡಲಿನ ಮೇಡಂ’ ಆಗಿಯೇ ಉಳಿದಿದ್ದಳು. ಮದುವೆಗೆ ಕರೆಯುತ್ತಿದ್ದರು, ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು, ಅಡುಗೆಮನೆಗೆ ಕರೆಯುತ್ತಿರಲಿಲ್ಲ.

ಠಾಣೆಗೆ ಬಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೂಲಿನ ಹುರಿ ಎಡಕ್ಕೆ ತಿರುಗಿತ್ತು. ದಿನಬಳಕೆಯ ನೂಲನ್ನು ಇಲ್ಲಿ ಬಲಕ್ಕೆ ಹುರಿ ಮಾಡುತ್ತಾರೆ. ಎಡಹುರಿ ಕಾಪಾಡುವ ನೂಲು. ಬಾಣಂತಿಗೆ, ದೂರ ಹೊರಟವರಿಗೆ ಕಟ್ಟುವಂಥದ್ದು. ಅದನ್ನು ನೂಲಲು ದುಪ್ಪಟ್ಟು ಹೊತ್ತು ಬೇಕು, ಏಕೆಂದರೆ ಕೈ ತನ್ನ ಅಭ್ಯಾಸಕ್ಕೆ ಎದುರಾಗಿ ಹೋಗಬೇಕು. ಇನ್ನೊಂದು ವಿಷಯವೂ ಕಂಡಿತು. ಪಟ್ಟಿಯ ಒಂದು ತುದಿಯಲ್ಲಿ ನೇಯ್ದಿದ್ದ ಕೊಂಡೊರ್ ಹದ್ದಿಗೆ ತಲೆ ಮತ್ತು ಒಂದು ರೆಕ್ಕೆ ಮಾತ್ರ ಇತ್ತು. ಅಲ್ಲಿಗೆ ಕತ್ತರಿಸಿದ್ದರು.

ಅಂದರೆ ಪೌಲಿನಾಳನ್ನು ದ್ವೇಷಿಸುವವರನ್ನು ಹುಡುಕಿ ಪ್ರಯೋಜನವಿಲ್ಲ. ಕುದುರೆಯನ್ನು ಪ್ರೀತಿಸುವವರನ್ನು ಹುಡುಕಬೇಕು. ನಿಲ್ದಾ ಪೌಲಿನಾಳನ್ನು ಕರೆಸಿ ಕುದುರೆ ಎಲ್ಲಿಂದ ಬಂತೆಂದು ಕೇಳಿದಳು. ಪೌಲಿನಾ, ಅದು ಹುಟ್ಟಿದ್ದು ದೊಮಿತಿಲಾ ಅವ್ವನ ಅಂಗಳದಲ್ಲಿ, ತನಗೆ ಕೊಟ್ಟಾಗ ಗಂಟೆಯನ್ನೂ ಅವ್ವನೇ ಕಟ್ಟಿ ಕೊಟ್ಟಳು ಎಂದಳು. ಅಷ್ಟು ಹೇಳಿದವಳು, ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ವಿಚಾರಿಸಿದಳು.

“ಡಾಕ್ಟರ್ ಬಿದ್ದಿದ್ದನ್ನ ವಾಪಸ್ ತಗೊಳ್ಳಕ್ಕಾಗುತ್ತಾ?” ಎಂದಳು ನಿಲ್ದಾ.

ಹನ್ನೊಂದಕ್ಕೆ ಡಾಕ್ಟರ ಹೇಳಿಕೆ ಪಡೆಯಲು ಆರೋಗ್ಯ ಕೇಂದ್ರಕ್ಕೆ ಹೋದರು. ಅವನು ಚೇತರಿಸಿಕೊಂಡು ಆಲೂಗಡ್ಡೆ ಸಾರು ಕುಡಿಯುತ್ತಿದ್ದ. ತನ್ನನ್ನು ಕಾಪಾಡಿದ ಹೆಂಗಸಿನ ಹಲ್ಲುಗಳನ್ನೆಲ್ಲ ಬಿಟ್ಟಿಯಾಗಿ ಕಟ್ಟಿಕೊಡುವುದಾಗಿ ಹೇಳಿದ. ಅವಳ ಹಲ್ಲು ಎಲ್ಲವೂ ಇವೆಯಲ್ಲ ಎಂದು ಎವರಿಸ್ತೊ ನೆನಪಿಸಿದಾಗ, ಹಾಗಾದರೆ ಅವಳ ಅಕ್ಕನಿಗೆ ಎಂದ. ಹಣೆಗೆ ಸುತ್ತಿದ್ದ ಸೊಂಟಪಟ್ಟಿ ಮಂಚದ ಕಂಬಿಯ ಮೇಲೆ ಒಣಗುತ್ತಿತ್ತು. ಹಸಿರು ಮತ್ತು ಕಡುಗೆಂಪು. ಅದರ ತುದಿಯಲ್ಲಿ ಹದ್ದಿನ ಒಂದು ರೆಕ್ಕೆಯೂ ಬಾಲವೂ ಇದ್ದವು.

ನರ್ಸ್ ಮತ್ತು ಡಾಕ್ಟರ ಎದುರಿನಲ್ಲೇ ನಿಲ್ದಾ ಎರಡು ತುಂಡುಗಳನ್ನು ಹಾಸಿಗೆಯ ಮೇಲೆ ಕೂಡಿಸಿದಳು. ಹದ್ದು ಪೂರ್ತಿಯಾಯಿತು. ಪಂಚನಾಮೆಗೆ ಡಾಕ್ಟರ್ ಸಹಿ ಹಾಕಿದ. ಏನಕ್ಕೆ ಎಂದು ಕೇಳಲಿಲ್ಲ.

ದೊಮಿತಿಲಾ ಅವ್ವನ ಮನೆ ಕಣಿವೆಯ ಅಂಚಿನ ಕೊನೆಯ ಬೀದಿಯಲ್ಲಿ. ಅರವತ್ತೈದು ವರ್ಷದ ಅವ್ವ ಬಾಗಿಲಲ್ಲಿ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದಳು. ಎಲ್ವಿರಾ ಒಳಗೆ ಚೀಲ ಕಟ್ಟುತ್ತಿದ್ದಳು. ಲೀಮಾ ಬಸ್ಸು ಭಾನುವಾರ.

“ತಡ ಮಾಡಿದ್ರಿ ಮೇಡಂ,” ಎಂದಳು ಅವ್ವ. “ನಿನ್ನೆ ಸಂಜೆಯಿಂದ ಕಾಯ್ತಿದೀನಿ. ಡಾಕ್ಟರ್ ಹೇಗಿದಾನೆ?”

“ಸಾರು ಕುಡೀತಿದಾನೆ. ಗಂಟೆ ಎಲ್ಲಿ?”

“ಮೇಲೆ.”

ತೊಲೆಯಿಂದ ಗಂಟೆ ನೇತಾಡುತ್ತಿತ್ತು. ನಾಲಗೆಗೆ ಹಸಿ ಉಣ್ಣೆ ಸುತ್ತಿತ್ತು. ಆಗಸ್ಟಿನಲ್ಲಿ ಅದನ್ನು ನೆಲಕ್ಕೆ ತಾಗಿಸುವಂತಿಲ್ಲ. ಎವರಿಸ್ತೊ ಸ್ಟೂಲು ಹತ್ತಿ ಬಿಚ್ಚಿ, ಅವನೂ ನೆಲಕ್ಕಿಡದೆ ಎದೆಗವಚಿ ನಿಂತ.

“ಯಾವಾಗ ತಗೊಂಡ್ರಿ?”

“ಬುಧವಾರ ರಾತ್ರಿ. ಎಲ್ವಿರಾ ನಿದ್ದೆ ಹೋದ ಮೇಲೆ.”

“ಪಟ್ಟಿ ಯಾಕೆ ಕಟ್ಟಿದ್ರಿ?”

“ಬೋಳು ಕತ್ತಲ್ಲಿ ರಾತ್ರಿಯೆಲ್ಲಾ ನಿಲ್ಸೋದಾ ಅದನ್ನ? ನಾನೇನು ಕಳ್ಳಿನಾ?” ಎಂದ ಅವ್ವ ತಾನೇ ತಿದ್ದಿಕೊಂಡು, “ಕಳ್ಳಿನೇ. ಬರ್ಕೊಳ್ಳಿ,” ಎಂದಳು.

ಉಳಿದದ್ದನ್ನು ಅವಳು ತೆನೆಯ ಮೇಲಿನ ಕೈ ನಿಲ್ಲಿಸದೆ ಹೇಳಿದಳು. ಅವರ ತಾಯಿ ಕೆಳಗಿನ ತೋಟದ ಅಂಜೂರವನ್ನು ಬೆನ್ನ ಮೇಲೆ ಹೊತ್ತು ಒಂದೇ ದಿನದಲ್ಲಿ ಇಳಿದು ಹತ್ತುತ್ತಿದ್ದಳು. ದೊಮಿತಿಲಾ ಹದಿಮೂರಕ್ಕೆ ಅವಳ ಜೊತೆ ಹತ್ತಿದಳು. ಆ ದಿನ ಹತ್ತಿ ಬಂದ ಹುಡುಗಿಗೆ ದೊಡ್ಡವರ ಟೋಪಿ ಕೊಡುತ್ತಿದ್ದರು. ಎಲ್ವಿರಾಳ ಸರದಿ ಬರಲಿಲ್ಲ. ಹನ್ನೆರಡಕ್ಕೆ ಅವಳನ್ನು ಲೀಮಾದ ಒಂದು ಮನೆಗೆ ಕೆಲಸಕ್ಕೆ ಕಳಿಸಿದರು. ಅಲ್ಲಿಯೇ ಬೆಳೆದಳು, ಮದುವೆಯಾದಳು, ವಿಧವೆಯಾದಳು. ಹೋದ ವರ್ಷ ಊರಿಗೆ ಬಂದಾಗ ಗೇಟಿನ ಹುಡುಗಿ ಅವಳನ್ನು ತಡೆದು ಹೊರಗಿನವರ ಟಿಕೆಟ್ ಕೊಟ್ಟಳು. ಎಲ್ವಿರಾ ಜಗಳವಾಡಲಿಲ್ಲ. ಟಿಕೆಟ್ ತೆಗೆದುಕೊಂಡು ಬಂದು ಅಕ್ಕನಿಗೆ ತೋರಿಸಿ ನಕ್ಕಳು. ಮರುದಿನ ಕಣಿವೆಗೆ ಇಳಿದಳು. ಸೋಲುಗಲ್ಲಿನಲ್ಲಿ ಗಂಟೆ ಕೇಳಿಸಿತು, ಕತ್ತೆ ಹತ್ತಿ ಬಂದಳು. ಈಸ್ಟರಿಗೆ ಮತ್ತೆ ಬಂದಳು, ಮತ್ತೆ ಇಳಿದಳು, ಮತ್ತೆ ಕತ್ತೆಯ ಮೇಲೆ ಬಂದಳು. ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿ, ಆ ಗಂಟೆ ಕೇಳದಿದ್ದರೆ ಹತ್ತಿಬಿಡುತ್ತಿದ್ದೆ ಅಕ್ಕಾ ಎಂದಳು.

“ಅದಕ್ಕೆ ಕೇಳದ ಹಾಗೆ ಮಾಡ್ದೆ,” ಎಂದಳು ಅವ್ವ. “ಪಟ್ಟಿ ಅವಳ ಸೊಂಟಕ್ಕೆ ಅಂತ ನೇಯ್ದೆ. ಉದ್ದ ಆಯ್ತು. ನಗರದಲ್ಲಿ ಸೊರಗಿಬಿಟ್ಟಿದಾಳೆ. ಮಿಕ್ಕಿದ್ದು ಕಪಿತಾನಾಗೆ ಆಯ್ತು.”

“ಬೇರೆಯವರು ಆ ಕತ್ತೆಗಳನ್ನ ನಂಬಿ ಇಳೀತಾರೆ ಅಂತ ಅನ್ನಿಸಲಿಲ್ವಾ?”

ಅವ್ವನ ಕೈ ಮೊದಲ ಸಲ ನಿಂತಿತು. “ಇಲ್ಲ. ನನ್ನ ಕಣ್ಣಿಗೆ ಆ ದಾರೀಲಿ ಇವಳೊಬ್ಬಳೇ ಕಂಡಿದ್ದು.”

ಎಲ್ವಿರಾ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಯಾರೂ ನೋಡಿರಲಿಲ್ಲ. ಅವಳ ಮುಖ ಬಿಳಿಚಿತ್ತು. ಅಪ್ಪಿಕೊಳ್ಳಬಹುದೆಂದು ನಿಲ್ದಾ ಭಾವಿಸಿದಳು. ಎಲ್ವಿರಾ ಹತ್ತಿರ ಬರಲಿಲ್ಲ.

“ನಿನ್ನನ್ನ ಯಾರು ಕೇಳಿದ್ರು?”

“ಯಾರೂ ಕೇಳ್ಳಿಲ್ಲ.”

“ನನ್ನ ಸೋಲೂ ನಿನ್ನ ಕೈಲೇ ಇರ್ಬೇಕಾ ಅಕ್ಕಾ? ಆಗ ನನ್ನನ್ನ ಲೀಮಾ ಬಸ್ ಹತ್ಸಿದೋಳೂ ನೀನೇ.”

“ಅಮ್ಮ ಹೇಳಿದ್ಲು, ಹತ್ಸಿದೆ.”

“ನಿನ್ನೆ ಗಂಟೆ ಇಲ್ಲ ಅನ್ನೋದೇ ನಂಗೆ ಗೊತ್ತಾಗಿಲ್ಲ. ದಾರಿ ಉದ್ದಕ್ಕೂ ಕಿವೀಲಿ ಬಡೀತಾನೇ ಇತ್ತು. ಸೋಲುಗಲ್ಲಲ್ಲಿ ಜೋರಾಗೇ ಕೇಳಿಸ್ತು. ನಾನು ನಿಲ್ಲಲಿಲ್ಲ. ದಾಟಿ ಹೋದೆ.” ಎಲ್ವಿರಾ ಅಳುತ್ತಿರಲಿಲ್ಲ, ಆದರೆ ದನಿ ಒಡೆದಿತ್ತು. “ನೀನು ಸುಮ್ನಿದ್ದಿದ್ರೆ ಡಾಕ್ಟರ್ ಕತ್ತೆ ಮೇಲೆ ಬರ್ತಿದ್ದ. ನಾನು ಕಾಲ ಮೇಲೆ ಬರ್ತಿದ್ದೆ.”

ಅವ್ವ ಬಿಡಿಸಿದ ಕಾಳುಗಳನ್ನು ಸೆರಗಿನಂತೆ ಹಿಡಿದಿದ್ದ ಸ್ಕರ್ಟಿನಿಂದ ಬುಟ್ಟಿಗೆ ಸುರಿದು ಎದ್ದು, ಟೋಪಿ ಹಾಕಿಕೊಂಡು, ನಡೆಯಿರಿ ಎಂದು ನಿಲ್ದಾಳಿಗೆ ಸನ್ನೆ ಮಾಡಿದಳು. ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಆರೋಪಿಯನ್ನು ಬಂಧಿಸಲಾಯಿತು. ಕೋಳ ತೊಡಿಸಲಿಲ್ಲ. ಮಂಡಿ ನೋವಿನ ಅವಳಿಗೆ ಇಳಿಜಾರಿನಲ್ಲಿ ಎವರಿಸ್ತೊ ತೋಳು ಕೊಟ್ಟ. ಅವನ ಇನ್ನೊಂದು ತೋಳಿನಲ್ಲಿ ಗಂಟೆ ಇತ್ತು.

ನ್ಯಾಯಾಧೀಶರು ಬರುವುದು ಸೋಮವಾರ. ಅಲ್ಲಿಯವರೆಗೆ ಆರೋಪಿ ಠಾಣೆಯಲ್ಲೇ ಇರಬೇಕು. ಜೈಲಿನ ಕೋಣೆಯಲ್ಲಿ ಪೊರಕೆ ಮತ್ತು ಬಣ್ಣದ ಡಬ್ಬಿಗಳಿದ್ದದ್ದರಿಂದ ಅವ್ವನಿಗೆ ನಿಲ್ದಾಳ ಕೋಣೆಯಲ್ಲೇ ಹಾಸಿಗೆಯಾಯಿತು. ಸಂಜೆ ಎಲ್ವಿರಾ ಬಂದಳು. ಅಕ್ಕನ ಕಡೆ ನೋಡಲಿಲ್ಲ. ನೇರವಾಗಿ ಮೇಜಿನ ಮುಂದೆ ನಿಂತಳು.

“ಗಂಟೆ ಪೌಲಿನಾಗೆ ಕೊಟ್ಬಿಡಿ ಮೇಡಂ.”

“ಅದು ಪುರಾವೆ. ಸೋಮವಾರದವರೆಗೆ ಇಲ್ಲೇ ಇರತ್ತೆ.”

“ನಾಳೆ ಬೆಳಗ್ಗೆ ನಾನು ಇಳೀತೀನಿ. ಗಂಟೆ ದಾರೀಲಿ ಇರ್ಬೇಕು. ಇಲ್ದಿದ್ರೆ ಹತ್ತಿದ್ರೂ ಅದು ನನ್ನ ಲೆಕ್ಕಕ್ಕಿಲ್ಲ.”

ಮೂಲೆಯಿಂದ ಅವ್ವ, “ನಿನ್ನೆ ತಾನೇ ಬಿಸಿಲಲ್ಲಿ ಬೆಂದು ಬಂದಿದೀಯ,” ಎಂದಳು. ಎಲ್ವಿರಾ ಕೇಳಿಸಿಕೊಳ್ಳದವಳಂತೆ ನಿಂತಳು.

ನಿಲ್ದಾ ನಿಯಮಗಳ ಪುಸ್ತಕ ತೆಗೆದಳು. ಕಾನೂನಿನಲ್ಲಿ ದಾರಿ ಇತ್ತು. ಜಪ್ತಿ ಮಾಡಿದ ವಸ್ತುವನ್ನು, ಬೇಕೆಂದಾಗ ಹಾಜರುಪಡಿಸುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಒಡತಿಯ ವಶಕ್ಕೆ ಕೊಡಬಹುದು. ಪೌಲಿನಾಳನ್ನು ಕರೆಸಿದರು. ಅವಳು ದುಂಡಗೆ ಸಹಿ ಹಾಕಿದಳು. ಗಂಟೆಯ ನಾಲಗೆಗೆ ಸುತ್ತಿದ್ದ ಉಣ್ಣೆಯನ್ನು ಬಿಚ್ಚುವ ಕೆಲಸವನ್ನು ಮಾತ್ರ ಅವ್ವನೇ ಮಾಡಬೇಕಾಯಿತು. ಅಷ್ಟು ಬಿಗಿಯಾಗಿ ಬೇರೆ ಯಾರೂ ಸುತ್ತಿರಲಾರರು.

ಶನಿವಾರ ಕತ್ತಲಲ್ಲೇ ಎಲ್ವಿರಾ ಮೂರು ಬಾಟಲಿ ನೀರು, ಹುರಿದ ಜೋಳ, ಗಿಣ್ಣು ಕಟ್ಟಿಕೊಂಡು ಹೊರಟಳು. ಹತ್ತರ ಹೊತ್ತಿಗೆ ಗಂಟೆ ಊರ ಬೀದಿಯಲ್ಲಿ ಸದ್ದು ಮಾಡುತ್ತ ಕಣಿವೆಯ ಕಡೆ ಹೋಯಿತು. ಎಂಟು ಕತ್ತೆಗಳೂ ಸಾಲಾಗಿ ಹಿಂದೆ ಹೋದವು.

ಮಧ್ಯಾಹ್ನ ದೊಮಿತಿಲಾ ಅವ್ವ ಠಾಣೆಯ ಜಗುಲಿಯ ಬೆಂಚಿನ ಮೇಲೆ ಬಂದು ಕೂತಳು. ಆರೋಪಿ ಹೊರಗೆ ಕೂರುವುದು ನಿಯಮವಲ್ಲವೆಂದು ನಿಲ್ದಾ ಹೇಳಲಿಲ್ಲ, ಪಕ್ಕದಲ್ಲಿ ತಾನೂ ಕೂತು ಬೇಳೆ ಆರಿಸತೊಡಗಿದಳು. ಅಲ್ಲಿಂದ ಕಣಿವೆ ಕಾಣುವುದಿಲ್ಲ, ಕೇಳಿಸುತ್ತದೆ. ಕೆಳಗಿನಿಂದ ಗಾಳಿ ಬಂದಾಗಲೆಲ್ಲ ಗಂಟೆಯ ಸದ್ದು ತುಣುಕು ತುಣುಕಾಗಿ ಬರುತ್ತಿತ್ತು. ಅವ್ವನಿಗೆ ಪ್ರತಿ ತಿರುವೂ ಕಿವಿಯಲ್ಲಿತ್ತು. ಈಗ ಕಳ್ಳಿಯ ಸಾಲು, ಈಗ ಕೆಂಪು ಮಣ್ಣು ಎನ್ನುತ್ತಿದ್ದಳು. ಆಮೇಲೆ ಸದ್ದು ನಿಂತಿತು.

“ಸೋಲುಗಲ್ಲು,” ಎಂದಳು.

ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ನಿಲ್ದಾ ಆರಿಸಿದ ಬೇಳೆಯನ್ನೇ ಮತ್ತೆ ಆರಿಸಿದಳು. ಆಮೇಲೆ ಗಂಟೆ ಮತ್ತೆ ಬಡಿಯಿತು, ಮೇಲಕ್ಕೆ ಬರತೊಡಗಿತು. ಕತ್ತೆಗಳು ಖಾಲಿಯಾಗಿ ಮೇಲೆ ಬರುವುದಿಲ್ಲ. ಯಾರೋ ಹತ್ತಿದ್ದಾರೆ. ಅವ್ವ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡಳು.

“ಹತ್ಲಿ ಬಿಡಿ,” ಎಂದಳು. “ಬಿಸಿಲು ಜಾಸ್ತಿ ಇದೆ ಇವತ್ತು. ಹತ್ತಿದ್ರೆ ಏನಂತೆ.”

ನಾಲ್ಕರ ಸುಮಾರಿಗೆ ಕಪಿತಾನಾ ಬೀದಿಯ ತುದಿಯಲ್ಲಿ ಕಾಣಿಸಿತು. ಮೊದಲ ಕತ್ತೆಯ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡ ಹುಡುಗ. ಎರಡನೆಯದರ ಮೇಲೆ ಅವನ ಗೆಳತಿ. ಮೂರು, ನಾಲ್ಕು, ಐದು, ಎಲ್ಲ ಪರದೇಶದವರು, ಎಲ್ಲರ ಮುಖದಲ್ಲೂ ಒಂದೇ ಬಗೆಯ ನಾಚಿಕೆ. ಕೊನೆಯ ಕತ್ತೆಯ ಮೇಲೆ ಜೋಳದ ಮೂಟೆ. ಪೌಲಿನಾ ಜಗುಲಿಯ ಮುಂದೆ ಒಂದು ಕ್ಷಣ ನಿಂತಳು.

“ಕತ್ತೆ ಬೇಕಾ ಅಂತ ಕೇಳ್ದೆ ಅವ್ವಾ. ದುಡ್ಡೂ ಬೇಡ ಅಂದೆ. ಗಂಟೆ ಚೆನ್ನಾಗಿ ಬಡೀತಿದೆ, ಜೋಪಾನ ಅಂದ್ಲು.”

ಗೋಡೆಯ ನೆರಳು ಬೀದಿಯ ನಡುವಿಗೆ ಬಂತು. ಎವರಿಸ್ತೊ ಎರಡು ಸಲ ಬೀದಿಯ ತುದಿಯವರೆಗೆ ಹೋಗಿ, ಬೇರೆ ಕೆಲಸವಿದ್ದವನಂತೆ ಹಿಂದಿರುಗಿದ. ಕಸೂತಿ ಹೆಂಗಸರು ಯಂತ್ರ ನಿಲ್ಲಿಸಿ, ನೂಲು ಕೊಳ್ಳುವ ನೆಪದಲ್ಲಿ ಅಂಗಡಿಯ ಮುಂದೆ ಸೇರಿದರು.

ಎಲ್ವಿರಾ ಬಂದಾಗ ಯಾರೂ ಕೂಗಲಿಲ್ಲ. ಅವಳು ಎರಡೂ ಕೈಗಳನ್ನು ಸೊಂಟಕ್ಕೆ ಕೊಟ್ಟು, ಬೀದಿಯ ಒಂದೊಂದು ಕಲ್ಲನ್ನೂ ನೋಡಿ ಕಾಲಿಡುತ್ತ ಬಂದಳು. ಮೊಣಕಾಲವರೆಗೆ ಧೂಳು. ಅಂಗಡಿಯ ಮುಂದಿನ ಹೆಂಗಸರು ದಾರಿ ಬಿಟ್ಟರು. ಜಗುಲಿಯ ಮೆಟ್ಟಿಲು ಹತ್ತಲು ಅವಳಿಗೆ ಆಗಲಿಲ್ಲ; ಆ ಮೂರು ಮೆಟ್ಟಿಲಿಗೆ ನಿಲ್ದಾ ಕೈ ಕೊಟ್ಟಳು. ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು, ಬೂಟು ಬಿಚ್ಚಿ, ಕಾಲುಗಳನ್ನು ಮುಂದಕ್ಕೆ ಚಾಚಿದಳು. ಮಡಿಲಿನಲ್ಲಿ ಬಟ್ಟೆ ಸುತ್ತಿ ತಂದ ಎರಡು ಅಂಜೂರ ಇದ್ದವು, ಜಜ್ಜಿಹೋಗಿದ್ದವು. ಒಂದನ್ನು ಅಕ್ಕನ ಕೈಯಲ್ಲಿಟ್ಟಳು.

ದೊಮಿತಿಲಾ ಅವ್ವ ತನ್ನ ಕಸೂತಿ ಟೋಪಿಯನ್ನು ತೆಗೆದು ತಂಗಿಯ ತಲೆಗೆ ಇಟ್ಟಳು. ಅದು ದೊಡ್ಡದಾಗಿ ಕಿವಿಯವರೆಗೆ ಇಳಿಯಿತು.

“ನಿನ್ನ ತಲೆ ಯಾವಾಗ್ಲೂ ದಪ್ಪ,” ಎಂದಳು ಎಲ್ವಿರಾ.

ನಿಲ್ದಾ ಒಳಗೆ ಹೋಗಿ ಕಡತ ತೆರೆದಳು. ಆರೋಪಿಯ ಹೆಸರು, ವಯಸ್ಸು, ಬಂಧನದ ಹೊತ್ತು, ಜಪ್ತಿಯಾದ ವಸ್ತುಗಳು, ಎಲ್ಲ ಬರೆದಾಗಿತ್ತು. ಅಪರಾಧದ ಪ್ರೇರಣೆ ಎಂಬಲ್ಲಿ ಮಾತ್ರ ಜಾಗ ಖಾಲಿ ಇತ್ತು. ಪ್ರೀತಿ ಎಂದು ಬರೆಯಲು ಪೆನ್ನು ಹಿಡಿದವಳು ತಡೆದಳು. ಅದು ಸುಳ್ಳಲ್ಲ, ಆದರೆ ಪ್ರೀತಿ ಇದ್ದವರೆಲ್ಲ ಗಂಟೆ ಕದಿಯುವುದಿಲ್ಲ. ಸ್ವಲ್ಪ ಯೋಚಿಸಿ, ‘ತಂಗಿಯ ಕಾಲುಗಳ ಮೇಲೆ ನಂಬಿಕೆ ಸಾಲದೆ’ ಎಂದು ಬರೆದು ಮೊಹರು ಒತ್ತಿದಳು.

ಜಗುಲಿಯಿಂದ ಕೂಗು ಬಂತು. ಎಲ್ವಿರಾಳ ಕಾಲಿಗೆ ಬಿಸಿನೀರು ಬೇಕಿತ್ತು. ಠಾಣೆಯ ಒಲೆಯ ಮೇಲೆ ಅವ್ವ ಆಗಲೇ ನೀರಿಟ್ಟಿದ್ದಳು, ಉಪ್ಪು ಎಲ್ಲಿದೆಯೆಂದು ಕೇಳುತ್ತಿದ್ದಳು. ನಿಲ್ದಾ ಎದ್ದು ಅಡುಗೆಮೂಲೆಗೆ ಹೋದಳು.

“ಅಲ್ಲಲ್ಲ ಮಗಾ, ಹಿಡಿ ತುಂಬ ಹಾಕು,” ಎಂದಳು ಆರೋಪಿ. “ಕಡಲಿನವಳು ನೀನು, ಉಪ್ಪಿಗೆ ಹಿಂಜರೀತೀಯಲ್ಲ.”